ಹೊಳೆ ದಾಟಿದವಳ ಹಚ್ಚೆ

ರೋಣದ ಬಸ್ ನಿಲ್ದಾಣದಲ್ಲಿ ಇಳಿದು ಅಮೆರಿಕಾ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರೆ ಚಹಾದ ಅಂಗಡಿಯವನೂ ಕೈ ಮಾಡಿ ತೋರಿಸುತ್ತಾನೆ. ತೋರಿಸುವಾಗ ಅವನ ಮೀಸೆಯ ಕೆಳಗೆ ಒಂದು ನಗೆ ಸುಳಿದು ಹೋಗುತ್ತದೆ. ನಲವತ್ತು ವರ್ಷ ಅಮೆರಿಕ ಖಂಡದ ಇತಿಹಾಸ ಬರೆದ ಮನುಷ್ಯ ಅದನ್ನು ನಕಾಶೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಮಾಸ್ತರರ ಹೆಸರು ಯಮನೂರಸಾಬ ಕಾಶೀಂಸಾಬ ನದಾಫ. ಈಗ ಅರವತ್ತೇಳು ವಯಸ್ಸು. ಆ ನಗೆಯನ್ನು ಅವರು ನುಂಗಿ ಅರಗಿಸಿಕೊಂಡು ಬಹಳ ದಿನವಾಯಿತು. ಅರಗದೆ ಉಳಿದದ್ದು ಬೇರೆ. ಅದು ಒಬ್ಬ ಹೆಂಗಸಿನ ಮುಂಗೈ ಮೇಲಿನ ಹಚ್ಚೆ.

ಅವರು ಹುಟ್ಟಿದ್ದು ಬೆಳವಣಕಿಯಲ್ಲಿ, ಹತ್ತಿ ಹಿಂಜುವವರ ಮನೆಯಲ್ಲಿ. ತಂದೆ ಕಾಶೀಂಸಾಬ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗಿ, ಹಳೆಯ ಗಾದಿ ಬಿಚ್ಚಿ, ಹಿಂಜಿ, ಮತ್ತೆ ಹೊಲಿದು ಕೊಡುವವರು. ಯಾರದೋ ಅಂಗಳದಲ್ಲಿ ಗಾದಿಯ ಹೊಟ್ಟೆ ಸೀಳಿದರೆ ಸಾಕು, ಪಂಚಾಂಗ ಓದಿದಂತೆ ಓದುತ್ತಿದ್ದರು. ಈ ಹತ್ತಿ ಎರಡು ಸಲ ಹಿಂಜಿದ್ದು, ಈ ಮೂಲೆಗೆ ಸೀರೆಯ ತುಂಡು ತುರುಕಿದ್ದಾರೆ, ಇಲ್ಲಿ ಕೂಸು ಮಲಗುತ್ತಿತ್ತು. ಕಾಲೇಜು ಮೆಟ್ಟಿಲು ಹತ್ತಿದ್ದ ಯಮನೂರಸಾಬ ಒಮ್ಮೆ ಮುಶಿಗೇರಿಯಲ್ಲಿ ತಾನೂ ಜಾಣನೆಂದು ತೋರಿಸಲು ಹೋದರು.

“ಅಪ್ಪಾ, ಈ ಹೊಲಿಗಿ ಎಷ್ಟ ಸಣ್ಣಂದೈತಿ ನೋಡು. ಇದು ಶ್ರೀಮಂತರ ಮನಿ ಗಾದಿ ಇದ್ದೀತು.”

“ಹೊಲಿಗಿ ನೋಡಿ ಹೊಲದಾಂವನ ಗುರ್ತ ಹಿಡಿ,” ಎಂದರು ಕಾಶೀಂಸಾಬ. “ಅದರ ಮ್ಯಾಲ ಮಲಗಿದಾಂವ ಯಾರಂತ ಹೊಲಿಗಿ ಹ್ಯಾಂಗ ಹೇಳತೈತ್ಯೋ, ಹುಚ್ಚಪ್ಪಾ?”

ಮುಂದೆ ಮಾಸ್ತರರಾದ ಮೇಲೆ ಈ ಕಥೆಯನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದರು. ದಾಖಲೆ ಓದುವುದು ಹೇಗೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಅವರಿಗೆ ಸಿಕ್ಕಿರಲಿಲ್ಲ. ಹುಡುಗರು ನಗುತ್ತಿದ್ದರು. ತಮಗೆ ಬೇಕಾದ ದಿನ ಮಾತ್ರ ಅದು ನೆನಪಿಗೆ ಬರಲಿಲ್ಲ.

ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಲು ಹೋದಾಗ ಮಾರ್ಗದರ್ಶಕರಾಗಬೇಕಿದ್ದ ಪ್ರೊಫೆಸರರು ಅರ್ಜಿಯ ಮೇಲಿನ ಹೆಸರನ್ನು ಎರಡು ಸಲ ಓದಿದರು.

“ದರ್ಗಾಗಳ ಮ್ಯಾಲ ಮಾಡ್ರಿ. ಉರುಸು, ಫಕೀರರು. ನಿಮ್ಮ ಮಂದಿದು ನೀವ ಬರದ್ರ ಚಲೋ.”

“ನಮ್ಮ ಮಂದಿ ಅಂದ್ರ ಯಾರು ಅನ್ನೂದ ನನ್ನ ಪ್ರಶ್ನೆ ಐತ್ರಿ ಸರ್. ಡೆಮರಾರಾಕ್ಕ ಹೋದವರ ಮ್ಯಾಲ ಮಾಡ್ತೀನಿ.”

“ಅದೆಲ್ಲೈತಿ?”

“ದಕ್ಷಿಣ ಅಮೆರಿಕಾದ ಮ್ಯಾಲಿನ ದಂಡಿಗ್ರಿ. ಈಗ ಗಯಾನಾ ಅಂತಾರ. ಕಬ್ಬಿನ ತೋಟಕ್ಕ ಕರಾರು ಕೂಲಿ ಅಂತ ನಮ್ಮವರನ್ನ ಹಡಗ ಹತ್ತಿಸಿ ಒಯ್ದಿದ್ರು.”

“ನಮ್ಮವರು!” ಪ್ರೊಫೆಸರರು ನಕ್ಕರು. “ಈಗರೆ ನಮ್ಮವರು ಯಾರಂತ ಗೊತ್ತಿಲ್ಲ ಅಂದ್ರಿ.”

ಹೇಗೋ ಒಪ್ಪಿದರು. ಯಮನೂರಸಾಬರ ವಾದ ಸರಳವಾಗಿತ್ತು. ಹಡಗು ಹತ್ತುವಾಗ ಹತ್ತು ಜಾತಿ, ನಾಲ್ಕು ಭಾಷೆಯ ಜನ. ಮೂರು ತಿಂಗಳು ಒಂದೇ ತಳಮನೆಯಲ್ಲಿ ವಾಂತಿ ಮಾಡಿಕೊಂಡು, ಒಂದೇ ಬೋಗುಣಿಯಲ್ಲಿ ಉಂಡು, ಇಳಿಯುವಾಗ ಒಬ್ಬರನ್ನೊಬ್ಬರು ‘ಜಹಾಜಿ’ ಎಂದು ಕರೆದುಕೊಂಡರು. ಹಡಗೇ ಅವರ ಜಾತಿಯಾಯಿತು. ಮನುಷ್ಯನ ಕುಲ ಅವನು ಬಿಟ್ಟುಬಂದ ಊರಿನಲ್ಲಿ ಇರುವುದಿಲ್ಲ, ದಾಟಿದ ದಾರಿಯಲ್ಲಿ ಹುಟ್ಟುತ್ತದೆ. ಇದನ್ನು ಅವರು ಮುನ್ನೂರು ಪುಟಗಳಲ್ಲಿ ಬರೆದರು. ಪದವಿ ಬಂತು. ಓದಿದವರು ಯಾರೂ ಇರಲಿಲ್ಲ.

ನರಗುಂದದ ಒಂದು ಖಾಸಗಿ ಕಾಲೇಜಿನಲ್ಲಿ ತಾಸಿನ ಲೆಕ್ಕದ ಮಾಸ್ತರಿಕೆ ಸಿಕ್ಕಿತು, ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. ಸಿಬ್ಬಂದಿ ಕೋಣೆಯಲ್ಲಿ ದಿನಾ ಒಬ್ಬರಾದರೂ ಕೇಳುತ್ತಿದ್ದರು, “ನದಾಫ ಸರ್, ನಿಮ್ಮ ಅಮೆರಿಕಾದಾಗ ಮಳಿ ಹ್ಯಾಂಗೈತ್ರಿ?” ವಿಚಾರಸಂಕಿರಣಕ್ಕೆ ಕರೆದವರು, ಅವರ ಪ್ರಬಂಧ ಬ್ರೆಜಿಲ್ಲಿಗೆ ಹೋದ ಜಪಾನಿಯರ ಮೇಲಿದ್ದರೂ, ಹೆಸರು ನೋಡಿ ‘ಮುಸ್ಲಿಂ ಸಂಸ್ಕೃತಿ’ ಗೋಷ್ಠಿಗೆ ಹಾಕುತ್ತಿದ್ದರು. ಒಮ್ಮೆ ಟ್ರಿನಿಡಾಡಿನಿಂದ ಸಮ್ಮೇಳನಕ್ಕೆ ಕರೆ ಬಂತು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದವರು ಅವರ ಮನೆಯಿದ್ದ ರೋಣಕ್ಕೆ ಬಾರದೆ ಬೆಳವಣಕಿಗೆ ಹೋಗಿ, ತಂದೆ ಎಲ್ಲಿ ಹುಟ್ಟಿದ್ದು, ಅಜ್ಜ ಎಲ್ಲಿಂದ ಬಂದದ್ದು ಎಂದು ಓಣಿಯವರನ್ನೆಲ್ಲ ಕೇಳಿ ಹೋದರು. ಪಾಸ್‌ಪೋರ್ಟು ಕೈಗೆ ಬಂದ ದಿನ ಅಲ್ಲಿ ಸಮ್ಮೇಳನ ಮುಗಿದಿತ್ತು. ಆ ನೀಲಿ ಪುಸ್ತಕದಲ್ಲಿ ಇಂದಿಗೂ ಒಂದು ಮೊಹರಿನ ಶಿಕ್ಕೆ ಬಿದ್ದಿಲ್ಲ.

೧೯೯೮ರ ಬೇಸಿಗೆ ರಜೆಯಲ್ಲಿ ಚೆನ್ನೈನ ಪತ್ರಾಗಾರದಲ್ಲಿ ಕುಳಿತು ಹಡಗು ಹತ್ತಿದವರ ಪರವಾನಗಿ ಚೀಟಿಗಳನ್ನು ಸೀಸಕಡ್ಡಿಯಲ್ಲಿ ನಕಲು ಮಾಡುತ್ತಿದ್ದಾಗ ಒಂದು ಚೀಟಿ ಅವರ ಕೈಯನ್ನು ನಿಲ್ಲಿಸಿತು. ವರ್ಷ ೧೯೧೩. ಹೆಸರು ಕರೆವ್ವ. ವಯಸ್ಸು ಇಪ್ಪತ್ತೆರಡು. ಜಿಲ್ಲೆ ಧಾರವಾಡ. ಸಾವಿರಾರು ತಮಿಳು, ತೆಲುಗು ಹೆಸರುಗಳ ನಡುವೆ ಮೊದಲ ಸಲ ತಮ್ಮ ಕಡೆಯ ಒಂದು ಹೆಂಗಸು! ಊರು, ಜಾತಿ ಎರಡೂ ಕಾಲಮುಗಳನ್ನು ಹುಳ ತಿಂದಿತ್ತು. ಮೈಮೇಲಿನ ಗುರುತು ಎಂಬಲ್ಲಿ ಗುಮಾಸ್ತನಿಗೆ ಮಾತು ಸಿಗದೆ ಅವನು ಚಿತ್ರವನ್ನೇ ಬರೆದಿದ್ದ. ಎಡ ಮುಂಗೈಯ ಹಚ್ಚೆ. ಮೇಲೆ ಐದು ಚುಕ್ಕಿ, ನಡುವೆ ಏಣಿಯಂತೆ ಮೂರು ಮೆಟ್ಟಿಲು, ಕೆಳಗೆ ಅಂಕುಡೊಂಕಾದ ಒಂದು ಗೆರೆ.

ಆ ಚಿತ್ರವನ್ನು ಕಿಸೆಯಲ್ಲಿಟ್ಟುಕೊಂಡು ನಾಲ್ಕು ವರ್ಷ ತಿರುಗಿದರು. ಬಸ್ಸಿನಲ್ಲಿ, ಸಂತೆಯಲ್ಲಿ, ದವಾಖಾನೆಯ ಸಾಲಿನಲ್ಲಿ ಮುದುಕಿಯರ ಕೈ ನೋಡುತ್ತ ನಿಂತರು. “ಏನೋ ಮಾಸ್ತರ, ಈ ವಯಸ್ಸಿನಾಗ ನನ್ನ ಕೈ ಹಿಡೀತಿಯೇನ?” ಎಂದು ಒಬ್ಬಾಕೆ ಬಸ್ಸಿನ ತುಂಬ ನಗೆ ಎಬ್ಬಿಸಿದಳು. ಕೊನೆಗೆ ೨೦೦೨ರಲ್ಲಿ, ಮಲಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ, ಮೈಲಾರಪ್ಪ ಎಂಬ ಉಳ್ಳವನ ಪಡಸಾಲೆಯ ಗೋಡೆಯ ಮೇಲೆ ಅದು ಕಂಡಿತು. ಅವನ ಅಜ್ಜಿಯ ಹಳೆಯ ಫೋಟೋ. ತೊಡೆಯ ಮೇಲೆ ಇಟ್ಟ ಎಡಗೈ. ಐದು ಚುಕ್ಕಿ, ಮೂರು ಮೆಟ್ಟಿಲು, ಒಂದು ಗೆರೆ.

“ಇದು ನಮ್ಮ ಮನಿ ಹೆಣ್ಣಮಕ್ಕಳ ಗುರ್ತರಿ,” ಎಂದ ಮೈಲಾರಪ್ಪ ಎದೆ ಹಿಗ್ಗಿಸಿ. “ಏಳು ತಲಿಯಿಂದ ಬಂದದ್ದು. ಇದಿಲ್ದಾಕಿ ನಮ್ಮ ಮನಿ ಮಗಳ ಅಲ್ಲ.”

ಅದೇ ಓಣಿಯಲ್ಲಿ ಇನ್ನಿಬ್ಬರು ಮುದುಕಿಯರ ಕೈಯಲ್ಲೂ ಅದೇ ಹಚ್ಚೆಯಿತ್ತು. “ಅವರೂ ನಮ್ಮ ಅಣ್ಣತಮ್ಮರ ಪೈಕಿನ,” ಎಂದ ಮೈಲಾರಪ್ಪ. ಯಮನೂರಸಾಬ ಬರೆದುಕೊಂಡರು. ಮುದುಕಿಯರು ಕಟ್ಟೆಯ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದರು. ಆಯಿ, ನೀವು ಹುಟ್ಟಿದ್ದು ಎಲ್ಲಿ ಎಂಬ ಒಂದು ಮಾತನ್ನು ಅವರು ಕೇಳಲಿಲ್ಲ. ನಾಲ್ಕು ವರ್ಷದ ಹಸಿವು ಅವರಿಗಿತ್ತು, ತಟ್ಟೆ ಮುಂದೆ ಬಂದಿತ್ತು.

ಲೇಖನ ವಿದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಮುದ್ರ ದಾಟಿದರೂ ಮನೆತನದ ಬೇರು ಚರ್ಮದ ಮೇಲೆ ಉಳಿದೇ ಇತ್ತು ಎಂದು ಅವರು ಬರೆದಿದ್ದರು. ಪಿಎಚ್.ಡಿ.ಯಲ್ಲಿ ಹೇಳಿದ್ದಕ್ಕೆ ಪೂರಾ ಉಲ್ಟಾ. ಆದರೆ ಜಗತ್ತಿಗೆ ಬೇಕಾದದ್ದು ಇದೇ ಆಗಿತ್ತು. ಮುನ್ನೂರು ಪುಟ ಓದದವರು ಈ ಹದಿನಾಲ್ಕು ಪುಟ ಓದಿದರು. ಕಾಲೇಜಿನವರು ಹಾರ ಹಾಕಿದರು. ಶಿಷ್ಯ ಅಮೇಯ ಇದನ್ನೇ ಅಡಿಪಾಯ ಮಾಡಿಕೊಂಡು ಪಿಎಚ್.ಡಿ. ಮಾಡಿ ಧಾರವಾಡದಲ್ಲಿ ಪ್ರಾಧ್ಯಾಪಕನಾದ.

೨೦೧೭ರಲ್ಲಿ ಗಯಾನಾದಿಂದ ಡೋರತಿ ಎಂಬ ನಿವೃತ್ತ ನರ್ಸ್ ಬಂದಳು. ಕರೆವ್ವ ಅವಳ ಮುತ್ತಜ್ಜಿ. ಲೇಖನ ಓದಿ ಊರು ಹುಡುಕಿಕೊಂಡು ಬಂದಿದ್ದಳು. ಮೈಲಾರಪ್ಪನ ಮನೆಯ ಹೆಂಗಸರು ಅವಳನ್ನು ಮಣೆಯ ಮೇಲೆ ಕೂಡ್ರಿಸಿ, ತವರಿಗೆ ಬಂದ ಮಗಳಿಗೆ ಮಾಡುವಂತೆ ಅಕ್ಕಿ, ಕುಪ್ಪಸದ ಖಣ, ಕೊಬ್ಬರಿಯಿಂದ ಉಡಿ ತುಂಬಿದರು. ಅವಳು ಬಾಗಿಲಿನ ಕಂಬಕ್ಕೆ ಕೆನ್ನೆ ಹಚ್ಚಿ ಅತ್ತಳು. ಯಮನೂರಸಾಬರಿಗೆ ತಾವು ಬದುಕಿದ್ದು ಸಾರ್ಥಕ ಅನಿಸಿದ್ದು ಆ ಒಂದೇ ದಿನ. ಮೈಲಾರಪ್ಪ ಹೊಳೆಯ ದಂಡೆಯಲ್ಲಿ ‘ಕರೆವ್ವನ ಕಟ್ಟೆ’ ಕಟ್ಟಿಸಿ, ಹಚ್ಚೆಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ. ಎರಡು ವರ್ಷದ ಮೇಲೆ ಮಹಾಪೂರ ಬಂದು ಸೇತುವೆ ಮುಳುಗಿ, ಹೊಸ ಜಾಗದ ಹಂಚಿಕೆಯ ಮಾತು ಬಂದಾಗ ಅದೇ ಕಲ್ಲನ್ನು ತೋರಿಸಿ, “ನಾವು ಮೂಲದವರು, ನೀವೆಲ್ಲಾ ಹಿಂದಾಗಡೆ ಬಂದವರು, ಸರೀರಿ ಹಿಂದಕ್ಕ,” ಎಂದು ಕೆಳಗೇರಿಯವರನ್ನು ಗದರಿಸಿದನಂತೆ. ಸುದ್ದಿ ಕಿವಿಗೆ ಬಿದ್ದರೂ ಯಮನೂರಸಾಬ ಸುಮ್ಮನಿದ್ದರು. ಅದೂ ಅವರ ತಪ್ಪಿನ ಪಟ್ಟಿಯಲ್ಲಿ ಇದೆ.

ಹೋದ ವರ್ಷ ಹೆಂಡತಿ ಬದರುನ್ನಿಸಾಳ ಜೊತೆ ಗಜೇಂದ್ರಗಡದ ಸಂತೆಗೆ ಹೋಗಿದ್ದರು. ಬದರುನ್ನಿಸಾ ಕಸಬರಿಗೆ ಮಾರುವ ಒಬ್ಬ ಮುದುಕಿಯ ಮುಂದೆ ಕುಳಿತು ಒಂದೊಂದನ್ನೇ ಝಾಡಿಸಿ ಝಾಡಿಸಿ ನೋಡುತ್ತಿದ್ದಳು. ಯಮನೂರಸಾಬರ ಕೈಯಲ್ಲಿ ಅಮೇಯ ಕಳಿಸಿದ ಲಕೋಟೆಯಿತ್ತು. ಗುರುಗಳ ಸಮಗ್ರ ಲೇಖನಗಳ ಪುಸ್ತಕವನ್ನು ಅವನು ತರುತ್ತಿದ್ದ, ಅದರ ಮುಖಪುಟದ ಮಾದರಿ ಬಂದಿತ್ತು. ಮುಖಪುಟದ ಮೇಲೆ ಅದೇ ಹಚ್ಚೆ. ಕಸಬರಿಗೆಯ ಮುದುಕಿ ಹುಲಿಗೆವ್ವ ಅದನ್ನು ನೋಡಿ ಕಣ್ಣು ಕಿರಿದು ಮಾಡಿದಳು.

“ಯಜಮಾನ್ರ, ನಮ್ಮಾಯಿ ಕೈ ನಿಮ್ಮ ಹಂತ್ಯಾಕ ಹ್ಯಾಂಗ ಬಂತು?”

“ಯಾರ ಕೈ?”

“ನಮ್ಮಾಯಿದ್ರಿ. ನಮ್ಮವ್ವನ ಅವ್ವಂದು. ಆಕಿ ಹಚ್ಚಿ ಹಾಕಾಕಿ. ಈ ಮೂರ ಪಾವಟಿಗಿ ಆಕಿ ಬಿಟ್ರ ಯಾರೂ ಚುಚ್ಚತಿದ್ದಿಲ್ಲ.”

ಯಮನೂರಸಾಬ ಅಲ್ಲೇ ದೂಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. “ಇದು ಕೊಣ್ಣೂರಿನ ಒಂದ ಮನೆತನದ ಗುರ್ತ ಅಲ್ಲೇನವ್ವಾ?”

“ಮನೆತನ!” ಹುಲಿಗೆವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ಸೇತುವಿ ಆಗೂಕಿಂತ ಮೊದಲ ಅಲ್ಲಿ ಹರಗೋಲ ಇತ್ರಿ. ಹರಗೋಲ ಹತ್ತೂ ಜಾಗಾದಾಗ ಆಯಿ ಕುಂದರತಿದ್ಲು. ಬರ ಬಿದ್ದಾಗ ಊರ ಬಿಟ್ಟ ಹೊಂಟ ಹೆಣ್ಣಮಕ್ಕಳಿಗೆ ಹಾಕತಿದ್ಲು. ಇದು ಹೊಳಿ. ಇವು ಹೊಳಿ ಪಾವಟಿಗಿ. ಮ್ಯಾಲಿನ ಐದ ಚುಕ್ಕಿ ಪಂಚರು, ಸಾಕ್ಷಿಗೆ. ಎಲ್ಲೆರೆ ಸತ್ತ ಬಿದ್ರ, ಇಕಿ ಹೊಳಿ ದಾಟಿ ಬಂದಾಕಿ, ಇಕಿಗೂ ಒಂದೂರ ಇತ್ತು ಅಂತ ನೋಡಿದವರಿಗೆ ತಿಳೀಲಿ ಅಂತ.”

“ಯಾವ ಊರಂತ?”

“ಅದನ್ನ ಹಚ್ಚಿ ಹ್ಯಾಂಗ ಹೇಳತೈತ್ರಿ?”

“ಮತ್ತ ಊರಾಗ ಇದ್ದವರಿಗೆ ಹಾಕತಿದ್ದಿಲ್ಲ?”

“ಊರಾಗ ಇದ್ದಾಕಿಗೆ ಗುರ್ತ ಯಾಕ ಬೇಕ್ರಿ? ಆಕಿನ್ನ ಊರ ಗುರ್ತ ಹಿಡೀತೈತಿ.” ನಂತರ ಅವಳು ಬದರುನ್ನಿಸಾಳ ಕಡೆ ತಿರುಗಿದಳು. “ಏನವ್ವಾ, ನಿಮ್ಮ ಯಜಮಾನ್ರಿಗೆ ನೀರ ಕುಡಸು. ಮಾರಿ ಬಿಳುಪೇರೇತಿ.”

ಹೊಲಿಗೆ ನೋಡಿ ಹೊಲಿದವನ ಗುರುತು ಹಿಡಿ. ಬಸ್ಸು ರೋಣ ಮುಟ್ಟುವವರೆಗೂ ತಂದೆಯ ಆ ಮಾತು ಅವರ ತಲೆಯಲ್ಲಿ ಬಿಲ್ಲಿನ ನಾರಿಯಂತೆ ಮಿಡಿಯುತ್ತಿತ್ತು.

ಒಬ್ಬರ ಮಾತು ನಂಬಿ ಎರಡನೇ ಸಲ ಬೀಳಬಾರದೆಂದು ಕೊಣ್ಣೂರಿಗೆ ಹೋದರು. ಹಚ್ಚೆಯಿದ್ದ ಆ ಇಬ್ಬರು ಮುದುಕಿಯರು ತೀರಿಕೊಂಡಿದ್ದರು. ಮಕ್ಕಳನ್ನು ಬೇರೆ ಬೇರೆಯಾಗಿ ಕೇಳಿದರು. ಒಬ್ಬ ಹೇಳಿದ, “ನಮ್ಮವ್ವ ಸಣ್ಣಾಕಿದ್ದಾಗ ಬರಗಾಲದಾಗ ಆಚಿ ದಂಡಿಯಿಂದ ಬಂದಾಕ್ರಿ.” ಇನ್ನೊಬ್ಬನೂ ಅದನ್ನೇ ಹೇಳಿದ, ಮತ್ತೆ ಒಂದು ಮಾತು ಸೇರಿಸಿದ, “ಮೈಲಾರಪ್ಪನ ಅಜ್ಜಿ ಕೂಡ ಒಂದ ಹರಗೋಲದಾಗ ಬಂದಿದ್ಲಂತ. ಅದನ್ನ ಅವರ ಮುಂದ ಆಡಬ್ಯಾಡ್ರಿ.” ಎರಡು ನಿಮಿಷದ ಪ್ರಶ್ನೆ. ಇಪ್ಪತ್ತೆರಡು ವರ್ಷ ತಡ.

ಕರೆವ್ವ ಕೊಣ್ಣೂರಿನವಳಲ್ಲ. ಬಾದಾಮಿ ಕಡೆಯವಳೋ, ಸವದತ್ತಿ ಕಡೆಯವಳೋ, ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಯಮನೂರಸಾಬರಿಗೆ ಆದದ್ದು ಬರೀ ಹೆದರಿಕೆಯಲ್ಲ. ಹಚ್ಚೆ ಬೇರಿನ ಗುರುತಾಗಿರಲಿಲ್ಲ, ದಾಟುವುದರ ಗುರುತಾಗಿತ್ತು. ಹರೆಯದಲ್ಲಿ ಮುನ್ನೂರು ಪುಟ ಬರೆದು ಯಾರೂ ಓದದ ಮಾತು ಇದೇ ಆಗಿತ್ತು. ಸಮುದ್ರಕ್ಕಿಂತ ಮೊದಲೇ, ಮಲಪ್ರಭೆಯಲ್ಲೇ, ಆ ಹೆಂಗಸರು ತಮ್ಮ ಹೊಸ ಕುಲವನ್ನು ಕೈಯಲ್ಲಿ ಚುಚ್ಚಿಸಿಕೊಂಡಿದ್ದರು. ಜೀವಮಾನದ ನಿಜವಾದ ಶೋಧ ಈಗ ಸಿಕ್ಕಿತ್ತು. ಅದನ್ನು ಹೇಳಬೇಕಾದರೆ ಸುಳ್ಳಾದದ್ದನ್ನು ತಮ್ಮ ಕೈಯಾರೆ ಕೆಡವಬೇಕಿತ್ತು. ಮಧ್ಯಾಹ್ನ ಕುಳಿತವರು ಒಂಬತ್ತು ಪುಟ ಬರೆದೇ ಎದ್ದರು.

“ಇಪ್ಪತ್ತೈದ ವರ್ಷ ಆ ಹೆಂಗಸಿನ ಕೈ ಹಿಡಕೊಂಡ ತಿರಗೀರಿ,” ಎಂದಳು ಬದರುನ್ನಿಸಾ ರೊಟ್ಟಿ ಬಡಿಯುತ್ತ. “ನನ್ನ ಕೈ ಇಷ್ಟ ದಿನ ಹಿಡದಿದ್ದ ನೆನಪಿಲ್ಲ. ಈಗ ಆಕಿನ್ನೂ ನಡು ನೀರಾಗ ಬಿಡ್ತೀರೇನು?”

“ನಡು ನೀರಾಗ ಇದ್ದಾಕಿನ್ನ ನಾನ ಸುಳ್ಳ ದಂಡಿಗೆ ಎಳದಿದ್ದೆ.”

“ನಿಮಗ ಇದ್ದದ್ದು ಇದೊಂದ ಹೆಸರು. ಸುಮ್ನಿರ್ರಿ ಅಂದ್ರ ನೀವು ಕೇಳಾವ್ರಲ್ಲ. ಹೋಗಿ ಬರ್ರಿ.”

ಮೊದಲು ಮೈಲಾರಪ್ಪನಿಗೆ ಹೇಳುವುದು ಧರ್ಮವೆಂದು ಅವನ ಪಡಸಾಲೆಗೆ ಹೋದರು. ಅವನು ಚಹಾ ತರಿಸಿದ. ಮಾತು ಮುಗಿಯುವಷ್ಟರಲ್ಲಿ ಚಹಾ ಕೆನೆಗಟ್ಟಿತ್ತು.

“ನಮ್ಮಜ್ಜಿ ಬರದಾಗ ಬೇಡಕೊಂತ ಬಂದಾಕಿ ಅಂತೀರೇನು?”

“ಬೇಡಕೊಂತ ಅನ್ನಲಿಲ್ರಿ. ದಾಟಿ ಬಂದಾಕಿ. ಅದರಾಗ ಸಣ್ಣತನ ಏನೂ ಇಲ್ಲ.”

“ಅಂದ ನೀವ ಬರದ್ರಿ, ನಾವು ಕಲ್ಲಿನ ಮ್ಯಾಲ ಕೆತ್ತಿಸಿದ್ವಿ. ಕಾಗದ ಹರದಂಗ ಕಲ್ಲ ಹರೀಲಿಕ್ಕ ಬರತೈತೇನು?” ಮೈಲಾರಪ್ಪ ಎದ್ದು ನಿಂತ. ಎರಡು ದಶಕದ ‘ನೀವು’ ಹೊಸ್ತಿಲಾಚೆ ಹೋಯಿತು. “ನಮ್ಮ ಮನಿ ಮೂಲ ಕೆದರಾಂವ ನೀ ಯಾರು? ನಿಂದ ಮೂಲ ಎಲ್ಲೈತಿ, ಅದನ್ನ ಹೇಳ ಮೊದಲ.”

“ಬೆಳವಣಕಿ.”

“ಅದರ ಹಿಂದ?”

ಪಾಸ್‌ಪೋರ್ಟಿಗೆ ಬಂದವರೂ ಇದನ್ನೇ ಕೇಳಿದ್ದರು. ಯಮನೂರಸಾಬ ಚಪ್ಪಲಿ ಹಾಕಿಕೊಂಡರು.

ಅಮೇಯನಿಗೆ ಫೋನು ಮಾಡಿ ಎಲ್ಲ ಹೇಳಿದರು. “ಸರ್, ಪುಸ್ತಕ ಅಚ್ಚಿಗಿ ಹೋಗೇತ್ರಿ,” ಎಂದ ಅವನು.

“ನಿಲ್ಲಸು. ಈ ಒಂಬತ್ತ ಪುಟ ಸೇರಸು.”

“ಇಡೀ ಪುಸ್ತಕ ಆ ಒಂದ ಲೇಖನದ ಮ್ಯಾಲ ನಿಂತೇತ್ರಿ. ಖರೇ ಹೇಳಬೇಕಂದ್ರ ನಾನೂ ಅದರ ಮ್ಯಾಲ ನಿಂತೀನಿ. ಕಸಬರಗಿ ಮಾರೂ ಮುದುಕಿ ಹೇಳಿದ್ದನ್ನ ಅಡಿಟಿಪ್ಪಣಿಯಾಗ ಹ್ಯಾಂಗ ಹಾಕೂದ್ರಿ ಸರ್?”

“ಮೈಲಾರಪ್ಪ ಹೇಳಿದ್ದನ್ನ ಹ್ಯಾಂಗ ಹಾಕಿದ್ವಿ?”

“ಆರೋಗ್ಯ ನೋಡಕೋರಿ ಸರ್,” ಎಂದು ಅಮೇಯ ಫೋನು ಇಟ್ಟ.

ಡೋರತಿಗೆ ಬರೆಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಬರೆದರು. ಹನ್ನೆರಡು ದಿನದ ಮೇಲೆ ಉತ್ತರ ಬಂತು. “ಡಾಕ್ಟರ್, ನನಗೆ ಈಗ ಎಪ್ಪತ್ತೆಂಟು. ನೀವು ಹೇಳುವುದು ನಿಜವೇ ಇರಬಹುದು. ಆ ಹೆಂಗಸರು ನನ್ನ ಮಡಿಲಿಗೆ ಸುರಿದ ಅಕ್ಕಿಯನ್ನು ನಾನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಏನು ಮಾಡಬೇಕೆಂದು ನೀವು ಬರೆದಿಲ್ಲ. ದಯವಿಟ್ಟು ಇನ್ನು ಬರೆಯಬೇಡಿ.”

ಪುಸ್ತಕ ಬಿಡುಗಡೆ ರೋಣದಲ್ಲೇ ಆಯಿತು. ಒಂಬತ್ತು ಪುಟ ಅದರಲ್ಲಿ ಇರಲಿಲ್ಲ. ವೇದಿಕೆಯ ಮೇಲೆ ಮೈಲಾರಪ್ಪನಿಗೂ ಒಂದು ಕುರ್ಚಿ ಇತ್ತು, ಕರೆವ್ವನ ವಂಶಸ್ಥರೆಂದು. ತಮ್ಮ ಸರದಿ ಬಂದಾಗ ಯಮನೂರಸಾಬ ಹತ್ತು ನಿಮಿಷ ನಿಂತು, ತಡವರಿಸದೆ, ತಾವು ಎಲ್ಲಿ ತಪ್ಪಿದರು, ಯಾರನ್ನು ಏನು ಕೇಳಲಿಲ್ಲ, ಹುಲಿಗೆವ್ವ ಏನು ಹೇಳಿದಳು ಎಂದು ಒಂದೊಂದಾಗಿ ಹೇಳಿದರು. ಆಗ ಅಧ್ಯಕ್ಷರು ಮೈಕಿನ ಮುಂದೆ ಬಂದರು. “ಇಷ್ಟು ದೊಡ್ಡ ವಿದ್ವಾಂಸರು, ತಮ್ಮ ಶೋಧವನ್ನೇ ತಾವು ಶಂಕಿಸುವ ಈ ವಿನಯ ಇದೆಯಲ್ಲ, ಇದು ಇಂದಿನ ಪೀಳಿಗೆಗೆ ಮಾದರಿ!” ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಲಾರಪ್ಪ ಪಕ್ಕದವರಿಗೆ, ಎಲ್ಲರಿಗೂ ಕೇಳುವಂತೆ, “ವಯಸ್ಸಾತ್ರಿ, ಪಾಪ,” ಎಂದ. ಆಮೇಲೆ ಅವನೇ ಮುಂದೆ ಬಂದು ಅವರಿಗೆ ಶಾಲು ಹೊದಿಸಿದ.

ಈಗ ಯಮನೂರಸಾಬ ಪ್ರತಿ ಸೋಮವಾರ ರೋಣದ ಕಾಲೇಜಿನ ಗ್ರಂಥಾಲಯಕ್ಕೆ ಹೋಗುತ್ತಾರೆ. ತಮ್ಮ ಪುಸ್ತಕ ತೆಗೆದು, ಹಚ್ಚೆಯ ಚಿತ್ರವಿರುವ ಪುಟ ತೆರೆದು, ಅಂಚಿನಲ್ಲಿ ಸೀಸಕಡ್ಡಿಯಿಂದ ಬರೆಯುತ್ತಾರೆ: ‘ಇದು ಮನೆತನದ ಗುರುತಲ್ಲ. ಹೊಳೆ ದಾಟಿದವಳದು. ಅವಳ ಊರು ಯಾವುದೋ ತಿಳಿಯದು. ನಾನು ಕೇಳಬೇಕಾದವರನ್ನು ಕೇಳಲಿಲ್ಲ. ಯ. ಕಾ. ನದಾಫ.’ ಅವರು ಅತ್ತ ಹೋದ ಮೇಲೆ ಗ್ರಂಥಾಲಯದ ಸಹಾಯಕ ಜಂಗ್ಲಿಸಾಬ ಅದನ್ನು ರಬ್ಬರಿನಿಂದ ಅಳಿಸುತ್ತಾನೆ. ಒಂದು ಸೋಮವಾರ ಅವರಿದ್ದಾಗಲೇ ಬಂದ.

“ಸರ್, ಪುಸ್ತಕದಾಗ ಬರೀಬಾರ್ದ್ರಿ.”

“ನನ್ನ ಪುಸ್ತಕ ಪಾ ಇದು.”

“ಬರದಾವ್ರು ನೀವ ಇರಬಹುದ್ರಿ, ಶಿಕ್ಕಾ ಕಾಲೇಜಿಂದ ಐತಿ.” ಜಂಗ್ಲಿಸಾಬ ಪುಟದ ಮೇಲೆ ಬೆರಳಾಡಿಸಿದ. ಅಳಿಸಿ ಅಳಿಸಿ ಅಲ್ಲಿ ಹಾಳೆ ತೆಳ್ಳಗಾಗಿ, ಹಿಂದಿನ ಪುಟದ ಅಕ್ಷರಗಳು ಮೂಡಿ ಕಾಣುತ್ತಿದ್ದವು. ಅವನು ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯನ್ನು ತೆರೆದು ತೋರಿಸಿದ. ಯಾರು ಒಯ್ದರು, ಯಾವಾಗ ತಂದರು ಎಂದು ಬರೆಯುವ ಚೀಟಿ ಅದು. ಅಚ್ಚಾದ ಗೆರೆಗಳನ್ನು ಬಿಟ್ಟು ಏನೂ ಇರಲಿಲ್ಲ. “ನೋಡ್ರಿ ಸರ್, ಬಂದಾಗಿಂದ ಇದನ್ನ ಒಬ್ಬರೂ ಒಯ್ದಿಲ್ಲ. ಈ ಹಾಳಿ ತೆರದ ನೋಡಾವ್ರು ಇಬ್ಬರ. ಬರಿಯಾವ್ರು ನೀವು, ಅಳಸಾಂವ ನಾನು. ಯಾರ ಸಲವಾಗಿ ಇಷ್ಟ ತ್ರಾಸ ತಗೋತೀರಿ?”

ಯಮನೂರಸಾಬ ಕಿಸೆಯಿಂದ ಸಣ್ಣ ಚಾಕು ತೆಗೆದು ಸೀಸಕಡ್ಡಿಯ ಮೊನೆ ಕೆತ್ತಿಕೊಂಡರು.

“ರಬ್ಬರ ಚಲೋದ ತಗೋ,” ಎಂದರು. “ಕಾಗದ ಮಾಸತೈತಿ.”

ಮತ್ತೆ ಬರೆಯತೊಡಗಿದರು.